ಅವಿಯಲ್‌ನಿಂದ ಹೂ ತನಕ

ರಾಕ್ ಸಂಗೀತದ ಇತಿಹಾಸವನ್ನು ಯಾರು ಬರೆದರೂ ಇಸವಿ ಹಿಡಿದುಕೊಂಡೇ ಬರೆಯುತ್ತಾರೆ. 1954ರಲ್ಲಿ ಮೆಂಫಿಸ್‌ನಲ್ಲಿ ಎಲ್ವಿಸ್, 1964ರಲ್ಲಿ ಬೀಟಲ್ಸ್ ಅಮೆರಿಕದಲ್ಲಿ ಇಳಿದದ್ದು, 1969ರ ವುಡ್‌ಸ್ಟಾಕ್, ಆಮೇಲೆ ಪಂಕ್, ಆಮೇಲೆ 1991ರಲ್ಲಿ ನಿರ್ವಾಣ. ಅಣ್ಣನ ಮೇಲೆ ಸಿಟ್ಟು ಮಾಡಿಕೊಂಡು ತಮ್ಮ ಬೇರೆ ಮನೆ ಮಾಡಿದ ಹಾಗೆ, ಒಂದರಿಂದ ಒಂದು ಹುಟ್ಟುತ್ತಾ ಹೋಗುವ ಕತೆ. ಚೆಂದ ಉಂಟು, ಸುಳ್ಳೂ ಅಲ್ಲ. ಆದರೆ ನಮ್ಮೂರಿಗೆ ರಾಕ್ ಬಂದದ್ದು ಆ ಸಾಲಿನಲ್ಲಿ ಅಲ್ಲ. 1973ರ ಪಿಂಕ್ ಫ್ಲಾಯ್ಡ್, 1980ರ ಎಸಿ/ಡಿಸಿ, 1991ರ ಮೆಟಾಲಿಕಾ, ಮೂರೂ ಒಂದೇ ಸೂಟ್‌ಕೇಸಿನಲ್ಲಿ ಟ್ಯಾಂಗ್ ಡಬ್ಬಿ ಮತ್ತು ಟೈಗರ್ ಬಾಮ್ ಜೊತೆ ಬೆಳ್ತಂಗಡಿ ತಾಲೂಕಿನ ನಮ್ಮ ಮನೆಗೆ ಒಂದೇ ರಾತ್ರಿ ಬಂದು ಇಳಿದವು. ತಂದವರು ನನ್ನ ಸೋದರಮಾವ, ದುಬೈಯಲ್ಲಿ ಡ್ರೈವರ್. ನಮ್ಮ ಪಾಲಿಗೆ ಮೂರಕ್ಕೂ ವಯಸ್ಸು ಒಂದೇ.

ಹಾಗಾಗಿ ಕಳೆದ ಮಳೆಗಾಲದಲ್ಲಿ ಕಪಾಟಿನ 163 ಆಲ್ಬಮ್ಮುಗಳನ್ನು ಒಂದೂ ಬಿಡದೆ ಕೇಳಬೇಕು ಅಂತ ಹೊರಟಾಗ ಇಸವಿ ಪ್ರಕಾರ ಕೇಳುವುದು ನನಗೆ ಒಗ್ಗಲಿಲ್ಲ. ಅಕ್ಷರಮಾಲೆ ಪ್ರಕಾರ ಕೇಳುವ ಅಂತ ಮಾಡಿದೆ. ಯಾವ ಅಕ್ಷರಮಾಲೆ ಎನ್ನುವುದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಬರಲಿಲ್ಲ. ಕಪಾಟಿನಲ್ಲಿ ಹೆಚ್ಚುಕಮ್ಮಿ ಅರ್ಧ ಮಾವನ ಕ್ಯಾಸೆಟ್‌ಗಳು. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ ಮಾವ ಹೆಸರುಗಳನ್ನೆಲ್ಲ ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲೇ ಬರೆದಿಟ್ಟಿದ್ದರು. ‘ಪಿಂಕು ಪ್ಲೋಯಿಡು’, ‘ಡಯರ್ ಸ್ಟ್ರೇಟು’, ‘ದಿ ಹೂ’. ಅವರ ಕೋಣೆಯಲ್ಲಿ ಒಬ್ಬ ಮಡಗಾಂವ್‌ನವನು, ಇಬ್ಬರು ಫಿಲಿಪ್ಪೀನ್ಸ್‌ನವರು ಇದ್ದರಂತೆ. ಅವರ ಕ್ಯಾಸೆಟ್‌ಗಳನ್ನು ಡಬಲ್ ಡೆಕ್ಕಿನಲ್ಲಿ ಕಾಪಿ ಹೊಡೆದದ್ದು. ಕನ್ನಡದಲ್ಲಿ ಬರೆದದ್ದನ್ನು ಕನ್ನಡದ ಸಾಲಿನಲ್ಲೇ ಜೋಡಿಸಬೇಕಲ್ಲ?

ಅಕ್ಷರಮಾಲೆಯ ಸಾಲು ಮಂಗಳೂರಿಗೆ ಹೊಸದಲ್ಲ. ನಾನಿರುವ ಕದ್ರಿಯಿಂದ ನಡೆದುಕೊಂಡು ಹೋಗುವಷ್ಟು ದೂರದ ಬಲ್ಮಠದಲ್ಲಿ 1841ರಲ್ಲಿ ಬಾಸೆಲ್ ಮಿಷನ್ ಪ್ರೆಸ್ ಸುರುವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇದೇ ಊರಿನಿಂದ ಹೊರಟದ್ದು. 1894ರಲ್ಲಿ ಕಿಟೆಲ್ ಅವರ ನಿಘಂಟು ಅಚ್ಚಾದದ್ದೂ ಈ ಪ್ರೆಸ್ಸಿನಲ್ಲೇ. ಸುಮಾರು 70,000 ಶಬ್ದ, ಎಲ್ಲವೂ ಅ ಆ ಇ ಈ ಸಾಲಿನಲ್ಲಿ. ನಮ್ಮ ಹಳೆಯ ಕೋಶಗಳು ಹಾಗಿರಲಿಲ್ಲ. ಅಮರಕೋಶದಲ್ಲಿ ಸ್ವರ್ಗದ ಶಬ್ದಗಳು ಒಂದು ಕಡೆ, ಭೂಮಿಯವು ಒಂದು ಕಡೆ, ಕಾಡಿನ ಗಿಡಮರಗಳದ್ದು ಇನ್ನೊಂದು ಕಡೆ; ವಿಷಯಕ್ಕೊಂದು ವರ್ಗ. ಕ್ಯಾಸೆಟ್ ಅಂಗಡಿಯವರದ್ದು ಒಂಥರ ಅಮರಕೋಶದ ಕ್ರಮವೇ: ಹಾರ್ಡ್ ರಾಕ್ ವರ್ಗ, ಮೆಟಲ್ ವರ್ಗ, ‘ಲವ್ ಸಾಂಗ್ಸ್’ ವರ್ಗ. ಅದರಲ್ಲಿ ಹುಡುಕಲು ಮೊದಲೇ ವಿಷಯ ಗೊತ್ತಿರಬೇಕು. ಕಿಟೆಲ್ ಕ್ರಮಕ್ಕೆ ಅಕ್ಷರ ಗೊತ್ತಿದ್ದರೆ ಸಾಕು. ಏನೂ ಗೊತ್ತಿಲ್ಲದ ಹೊರಗಿನವನಿಗೆ ಮಾಡಿದ ವ್ಯವಸ್ಥೆ ಅದು. ರಾಕ್ ವಿಷಯದಲ್ಲಿ ನಾವೆಲ್ಲ ಹೊರಗಿನವರೇ ಅಲ್ವಾ?

ವೃತ್ತಿ ಬಿಡುವುದಿಲ್ಲ, ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ ಸಾರ್ಟ್ ಮಾಡಿದೆ. ಶಾಲೆಯಲ್ಲಿ ಟೀಚರು ಅಂ ಅಃ ಎರಡನ್ನೂ ಔ ಆದ ಮೇಲೆ ಹೇಳಿಕೊಡುತ್ತಾರೆ. ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರ ಅ ಅಕ್ಷರಕ್ಕಿಂತಲೂ ಮುಂದೆ ಹೋಗಿ ಕೂತಿದೆ. ಇನ್ನೊಂದು ತಮಾಷೆ ಉಂಟು. ಹಳಗನ್ನಡದ ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ಯಾರೋ ‘ಫ’ ಅಂತ ತಪ್ಪು ಹೆಸರು ಕೊಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಎನ್ನುವುದು ಅಲ್ಲಿನ ಕಾನೂನು. ಹಾಗಾಗಿ ಪಂಪ ಬಳಸಿದ ಅಕ್ಷರ ಪ್ರಪಂಚದ ಎಲ್ಲ ಫೋನ್‌ಗಳಲ್ಲೂ ಇಂಗ್ಲಿಷ್ ಎಫ್‌ನ ಹೆಸರು ಹೊತ್ತುಕೊಂಡು ಕೂತಿದೆ. ಇರಲಿ, ಫೂ ಫೈಟರ್ಸ್ ಮತ್ತು ಫ್ಲೀಟ್‌ವುಡ್ ಮ್ಯಾಕ್‌ಗೆ ಮಾಮೂಲಿ ಫ ಸಾಕಾಯಿತು.

ಇಂಗ್ಲಿಷ್ ಸಾಲಿನಲ್ಲಿ ಹೋಗಿದ್ದರೆ ಮೊದಲು ಎಸಿ/ಡಿಸಿ ಬರುತ್ತಿತ್ತು. ಕನ್ನಡದಲ್ಲಿ ಬಂದದ್ದು ‘ಅವಿಯಲ್’. ಕೇರಳದ ಬ್ಯಾಂಡು, ಅದೇ ಹೆಸರಿನ ಆಲ್ಬಂ, 2008ರದ್ದು. ಟೋನಿ ಜಾನ್ ಹಾಡುವುದು, ರೆಕ್ಸ್ ವಿಜಯನ್ ಗಿಟಾರು. ಪೂರಾ ಮಲಯಾಳಂ. ತರಕಾರಿ ಅವಿಯಲ್ ನಮಗೆ ಮದುವೆ ಊಟದಿಂದಲೇ ಗೊತ್ತು. ಇಂಗ್ಲಿಷಿನಲ್ಲೇ ಹಾಡಬೇಕು, ಇಲ್ಲದಿದ್ದರೆ ರಾಕ್ ಅಲ್ಲ ಎನ್ನುತ್ತಿದ್ದ ಎಂಜಿನಿಯರಿಂಗ್ ಹಾಸ್ಟೆಲಿನ ಪಂಡಿತರ ಬಾಯಿ ಮುಚ್ಚಿಸಿದ ಆಲ್ಬಂ ಇದು. ಇಸವಿ ಪ್ರಕಾರ ಹೋಗಿದ್ದರೆ ಇದು ಕೊನೆಗೆಲ್ಲೋ ಬಾಲದಲ್ಲಿ ಬರುತ್ತಿತ್ತು. ಇದನ್ನು ಮೊದಲು ಕೇಳಿದ್ದರಿಂದ ಆಮೇಲೆ ಬಂದ ಬ್ರಿಟಿಷರು, ಅಮೆರಿಕದವರು ಎಲ್ಲರೂ ಸ್ವಲ್ಪ ಪರದೇಶಿಗಳ ಹಾಗೆ ಕೇಳಿಸಿದರು.

ಇ ಅಕ್ಷರದಲ್ಲಿ ‘ಇಂಡಸ್ ಕ್ರೀಡ್’. ಇವರು 1984ರಲ್ಲಿ ಮುಂಬೈಯಲ್ಲಿ ‘ರಾಕ್ ಮಷೀನ್’ ಅಂತ ಸುರು ಮಾಡಿ, 1993ರಲ್ಲಿ ಹೆಸರು ಬದಲಿಸಿ, ರ ದಿಂದ ಇ ಗೆ ಹಾರಿದವರು. ಹಾಡುಗಾರ ಉದಯ್ ಬೆನಗಲ್. ಬೆನಗಲ್ ಅಂದರೆ ನಮ್ಮ ಕರಾವಳಿಯ ಅಡ್ಡಹೆಸರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರದ್ದೂ ಅದೇ. ನಮ್ಮ ಕರಾವಳಿಯವರು ಮುಂಬೈಯಲ್ಲಿ ಹೋಟೆಲು, ಬ್ಯಾಂಕು ಮಾತ್ರ ಮಾಡಿದ್ದಲ್ಲ.

ಮುಂಬೈಯ ಮಾತು ಬಂತಲ್ಲ, ದಾರಿಯ ಬಗ್ಗೆ ಹೇಳಿಬಿಡುತ್ತೇನೆ, ಈ ಕಪಾಟಿನ ಕತೆಗೆ ಅದೇ ಮುಖ್ಯ. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಕರಾವಳಿಯವರು ಗಲ್ಫಿಗೆ ಹೋಗುವುದು ಜೋರಾಯಿತು. ಬಜ್ಪೆಯಲ್ಲಿ ವಿಮಾನ ನಿಲ್ದಾಣ ಇದ್ದದ್ದು 1951ರಿಂದಲೇ, ಆದರೆ ಅಲ್ಲಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರು ಮುಂಬೈಯಲ್ಲಿ ಇಳಿದು ರಾತ್ರಿ ಬಸ್ಸು ಹಿಡಿದು ಬರಬೇಕು. ಕೊಂಕಣ ರೈಲು ಪೂರ್ತಿಯಾದದ್ದೂ 1998ರಲ್ಲಿ. ಹಾಗಾಗಿ ನಮ್ಮ ಮನೆಯ ಹೆವಿ ಮೆಟಲ್ ಎಲ್ಲ ಘಟ್ಟದ ತಿರುವುಗಳಲ್ಲಿ ಬಸ್ಸಿನ ಟಾಪಿನ ಮೇಲೆ ಹಗ್ಗ ಕಟ್ಟಿಸಿಕೊಂಡು ಬಂದದ್ದು. ನೇರ ವಿಮಾನ ಬರುವ ಹೊತ್ತಿಗೆ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು.

ಇನ್ನರ್ಧ ನಾನು ಹಂಪನಕಟ್ಟೆಯ ಅಂಗಡಿಗಳಲ್ಲಿ ದುಡ್ಡು ಕೊಟ್ಟು ತಗೊಂಡದ್ದು. ಅವುಗಳ ಒಳಗಿನ ಕಾರ್ಡು ನೋಡಿದರೆ ಇನ್ನೊಂದು ಇತಿಹಾಸ ಸಿಗುತ್ತದೆ. ಪಿಂಕ್ ಫ್ಲಾಯ್ಡ್, ಕ್ವೀನ್, ಐರನ್ ಮೇಡನ್ ಬ್ರಿಟನ್ನಿನಲ್ಲಿ ಇಎಂಐ ಬಳಗದವು. ಇಲ್ಲಿ ಅವು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಅಂದರೆ ಎಚ್‌ಎಂವಿ ಹೆಸರಲ್ಲಿ. ಈಗಲ್ಸ್, ಲೆಡ್ ಜೆಪ್ಲಿನ್ ವಾರ್ನರ್ ಬಳಗದವು. ಅವು ಮ್ಯಾಗ್ನಾಸೌಂಡ್ ಮೂಲಕ. ಕಲ್ಕತ್ತೆಯಲ್ಲೋ ಮುಂಬೈಯಲ್ಲೋ ಯಾರೋ ಒಪ್ಪಂದಕ್ಕೆ ಸಹಿ ಹಾಕಿದರೆ ಒಂದು ಬ್ಯಾಂಡಿನ ಇಪ್ಪತ್ತು ವರ್ಷದ ಕೆಲಸ ಒಟ್ಟಿಗೇ ಹಂಪನಕಟ್ಟೆಯ ಗಾಜಿನ ಕಪಾಟಿಗೆ ಬಂದು ಬೀಳುತ್ತಿತ್ತು. ಸಹಿ ಬೀಳದಿದ್ದರೆ ಆ ಬ್ಯಾಂಡು ನಮ್ಮ ಪಾಲಿಗೆ ಇಲ್ಲವೇ ಇಲ್ಲ. 1991ರ ಆರ್ಥಿಕ ಉದಾರೀಕರಣ, ಅದೇ ವರ್ಷ ಸ್ಟಾರ್ ಟೀವಿಯ ಜೊತೆ ಎಂಟೀವಿ, ಇವೆರಡರ ನಂತರ ಅಂಗಡಿಯ ಕಪಾಟು ಉದ್ದವಾಯಿತು. ಹೊಸದು ಹಳೆಯದು ಅಂತ ಭೇದ ಇಲ್ಲದೆ ತುಂಬಿಕೊಂಡಿತು.

ಇದು ಕ್ಯಾಸೆಟ್ ಕಾಲದ್ದು ಮಾತ್ರ ಅಲ್ಲ. ಬ ಅಕ್ಷರಕ್ಕೆ ಬಂದಾಗ ಬೀಟಲ್ಸ್ ಸಿಕ್ಕಿದರು. ಅರವತ್ತರ ದಶಕದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಅರಗಿನ 78 ಆರ್‌ಪಿಎಂ ತಟ್ಟೆಗಳ ಕಾಲ ಮುಗಿದೇ ಹೋಗಿತ್ತು, ಎಲ್ಲ ವಿನೈಲ್. ಆದರೆ ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಬೀಟಲ್ಸ್ ಹಾಡುಗಳನ್ನೂ ಅರಗಿನ ತಟ್ಟೆಗೆ ಒತ್ತಿದರು. ಕರೆಂಟು ಇಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಇದ್ದವಲ್ಲ. ಲಿವರ್‌ಪೂಲಿನ ಹೊಚ್ಚ ಹೊಸ ಸಂಗೀತ, ಅಜ್ಜನ ಕಾಲದ ಯಂತ್ರಕ್ಕೆ. ಈಗ ಆ ತಟ್ಟೆಗಳಿಗೆ ವಿದೇಶದ ಸಂಗ್ರಾಹಕರು ಬಾಯಿ ಬಿಡುತ್ತಾರೆ. ನನ್ನ ಹತ್ತಿರ ಒಂದೂ ಇಲ್ಲ, ಕ್ಯಾಸೆಟ್ಟು ಮಾತ್ರ.

ವರ್ಗೀಯ ವ್ಯಂಜನಗಳಲ್ಲಿ ಹೋಗುವಾಗ ಒಂದು ವಿಷಯ ಗಮನಕ್ಕೆ ಬಂತು. ಟ ಮತ್ತು ಡ ಸಾಲು ಭರ್ತಿ. ಡೀಪ್ ಪರ್ಪಲ್, ಡೈರ್ ಸ್ಟ್ರೇಟ್ಸ್, ಡೋರ್ಸ್. ಅದೇ ತ ಥ ದ ಧ ಸಾಲು ಖಾಲಿ ಹೊಡೆಯುತ್ತದೆ. ಇಂಗ್ಲಿಷಿನ ಟೀ, ಡೀ ನಮ್ಮ ಕಿವಿಗೆ ಯಾವಾಗಲೂ ಟಕಾರ ಡಕಾರವೇ. ಇಡೀ ಆ ಸಾಲಿಗೆ ನನ್ನಲ್ಲಿ ಇದ್ದದ್ದು ಒಬ್ಬರೇ, ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’. 1996ರಲ್ಲಿ ಸುರುವಾದ ಬ್ಯಾಂಡು. ಹೆಸರಿನ ಗುಟ್ಟು ಗೊತ್ತುಂಟಾ? ಬ್ಯಾಂಡಿನಲ್ಲಿ ಮೂರು ಜನ ಮಲಯಾಳಿಗಳು, ಇನ್ನೊಬ್ಬ ಕಾಲು ಮಲಯಾಳಿ. ‘ತ್ರೀ ಮಲ್ಲು ಆ್ಯಂಡ್ ಎ ಕ್ವಾರ್ಟರ್’ ಎನ್ನುವುದನ್ನು ಬೇಗ ಬೇಗ ಹೇಳಿ ನೋಡಿ.

ಮಾವನ ಕ್ಯಾಸೆಟ್‌ಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಅವೆಲ್ಲ ಸಿ-90, ಅಂದರೆ ಒಂದು ಬದಿಗೆ 45 ನಿಮಿಷ. ಮಾವನ ಲೆಕ್ಕಾಚಾರ ಸರಳ: ಒಂದು ಬದಿಗೆ ಒಂದು ಆಲ್ಬಂ. ‘ಡಾರ್ಕ್ ಸೈಡ್ ಆಫ್ ದ ಮೂನ್’ 43 ನಿಮಿಷ, ಸರಿಯಾಗಿ ಕೂರುತ್ತದೆ. ‘ಬ್ಯಾಕ್ ಇನ್ ಬ್ಲ್ಯಾಕ್’ 42. ಮೆಟಾಲಿಕಾದ 1991ರ ಕಪ್ಪು ಆಲ್ಬಂ ಮಾತ್ರ 62 ನಿಮಿಷ. ಅದು ಒಂಬತ್ತನೆಯ ಹಾಡಿನ ನಡುವೆ ಟಕ್ ಅಂತ ನಿಲ್ಲುತ್ತದೆ. ಆ ಆಲ್ಬಂನಲ್ಲಿ 12 ಹಾಡು ಇವೆ ಅಂತ ಗೊತ್ತಾದದ್ದು ನಾನು ಕಾಲೇಜಿಗೆ ಹೋದ ಮೇಲೆ. ಸುರತ್ಕಲ್ ಎನ್‌ಐಟಿಕೆಯ ‘ಇನ್ಸಿಡೆಂಟ್’ ಉತ್ಸವದಲ್ಲಿ ಯಾವುದೋ ಕಾಲೇಜಿನ ಹುಡುಗರು ಒಂಬತ್ತನೆಯ ಹಾಡನ್ನು ಪೂರ್ತಿ ಬಾರಿಸಿದಾಗ, ಇವರು ಯಾಕೆ ನಿಲ್ಲಿಸುತ್ತಿಲ್ಲ ಅಂತ ನನಗೆ ಆಶ್ಚರ್ಯ. ಈಗಲೂ ಆ ಜಾಗ ಬಂದಾಗ ಕಿವಿ ಟಕ್ ಸದ್ದಿಗೆ ಕಾಯುತ್ತದೆ.

‘ಬ್ಯಾಕ್ ಇನ್ ಬ್ಲ್ಯಾಕ್’ ಮುಗಿದ ಮೇಲೆ ಮೂರು ನಿಮಿಷ ಉಳಿಯುತ್ತದಲ್ಲ, ಅಲ್ಲಿ ಮಾವ ಮಾತಾಡಿದ್ದಾರೆ. ಆಗ ದುಬೈಯಿಂದ ಫೋನು ದುಬಾರಿ, ನಮ್ಮ ಮನೆಯಲ್ಲಿ ಫೋನೂ ಇರಲಿಲ್ಲ. ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ಟಿಗೇ ಮಾತಾಡಿ ಕಳಿಸುವುದು ಗಲ್ಫಿನ ಮನೆಗಳಲ್ಲೆಲ್ಲ ಇದ್ದ ರೂಢಿ. ಗಂಟೆ ಬಡಿತದಿಂದ ಸುರುವಾಗುವ ಆ ಗದ್ದಲದ ಆಲ್ಬಂ ಮುಗಿದು ಕುಂಯ್ ಎನ್ನುವ ಸದ್ದು ಬಂದು, “ಅಮ್ಮಾ, ದುಡ್ಡು ಸಿಕ್ಕಿತಾ? ಈ ಸಲ ಅಡಿಕೆಗೆ ಮದ್ದು ಬಿಡುವಾಗ ಆಳಿಗೆ ಹೇಳು, ಬಾವಿ ಹತ್ತಿರದ ಮರ ಬೇಡ ಅಂತ, ಅದು ಬಾಗಿದೆ” ಅಂತ ಮಾವನ ಸ್ವರ. ಅಜ್ಜಿ ಅದನ್ನು ಕೇಳಬೇಕಾದರೆ ಟೇಪನ್ನು ಕೊನೆಯವರೆಗೆ ಓಡಿಸಬೇಕು. ಓಡಿಸಲು ಬರುತ್ತಿದ್ದದ್ದು ನನಗೊಬ್ಬನಿಗೇ. ಬೇಗ ಓಡಿಸಿದರೆ ರೀಲು ಸಿಕ್ಕಿಕೊಳ್ಳುತ್ತದೆ ಅಂತ ಅಜ್ಜಿಗೆ ಹೆದರಿಕೆ, ಹಾಗಾಗಿ ಇಡೀ ಆಲ್ಬಂ ಹಾಕಿಟ್ಟು ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ನನ್ನ ಅಜ್ಜಿಯಷ್ಟು ಸಲ ‘ಬ್ಯಾಕ್ ಇನ್ ಬ್ಲ್ಯಾಕ್’ ಕೇಳಿದ ಹೆಂಗಸು ದಕ್ಷಿಣ ಕನ್ನಡದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಅಜ್ಜಿ ಈಗಿಲ್ಲ. ಟೇಪಿನಲ್ಲಿ ಬಾಗಿದ ಮರ ಇನ್ನೂ ಉಂಟು.

ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಟೇಪಿಗೆ ಬೂಸ್ಟು ಹಿಡಿಯುತ್ತದೆ. ರೀಲಿನ ಅಂಚಿನಲ್ಲಿ ಬೆಳ್ಳಗೆ ಹಿಟ್ಟು ಉದುರಿಸಿದ ಹಾಗೆ. ಹಾಗೆಯೇ ಹಾಕಿದರೆ ಪ್ಲೇಯರಿನ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಒಂದೊಂದನ್ನೂ ಬಿಚ್ಚಿ, ಹತ್ತಿಯಲ್ಲಿ ಒರೆಸಿ, ಪೆನ್ಸಿಲ್ ಹಾಕಿ ಸುತ್ತಿ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಂಡೆ. ಏಳು ಹೋದವು. ಹಾಡಿನ ಭಾಗ ಹೋದರೆ ಬೇಸರ ಇಲ್ಲ, ಅದು ಯಾವ ಆ್ಯಪಿನಲ್ಲೂ ಸಿಗುತ್ತದೆ. ಕೊನೆಯ ಮೂರು ನಿಮಿಷ ಎಲ್ಲಿ ಸಿಗಬೇಕು ಮಾರಾಯ್ರೆ?

ಕೇಳುವವರಿಗೆ ತಡವಾಗಿ ಬಂದ ಹಾಗೆ ಬ್ಯಾಂಡುಗಳೂ ನಮ್ಮ ಕಡೆಗೆ ತಡವಾಗಿಯೇ ಬಂದವು. 1962ರಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನಲ್ಲಿ ಬಾರಿಸಿದ್ದು 2003ರ ಏಪ್ರಿಲ್‌ನಲ್ಲಿ. 1975ರ ಐರನ್ ಮೇಡನ್ 2007ರ ಮಾರ್ಚ್ 17ಕ್ಕೆ. 1981ರ ಮೆಟಾಲಿಕಾ 2011ರ ಅಕ್ಟೋಬರ್ 30ಕ್ಕೆ. ಇವರೆಲ್ಲರಿಗಿಂತ ವಿಚಿತ್ರ ಲೆಡ್ ಜೆಪ್ಲಿನ್‌ನದ್ದು. 1972ರಲ್ಲಿ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಮುಂಬೈಗೆ ಬಂದು, ಅಲ್ಲಿನ ವಾದ್ಯದವರನ್ನು ಸೇರಿಸಿಕೊಂಡು ತಮ್ಮ ಎರಡು ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. ಇಲ್ಲೇ ಆದ ಕೆಲಸ ನಮ್ಮ ಕಿವಿಗೆ ಬರಲು 43 ವರ್ಷ. ಇಂಥದ್ದನ್ನು ಯಾವ ಇಸವಿಯ ಕೆಳಗೆ ಇಡುವುದು? ಅಕ್ಷರದ ಸಾಲಿನಲ್ಲಾದರೆ ಲ, ಮುಗಿಯಿತು. ಅವರ 1971ರ ನಾಲ್ಕನೆಯ ಆಲ್ಬಮ್ಮಿಗೆ ಹೆಸರೇ ಇಲ್ಲದ್ದರಿಂದ ಅಲ್ಲೂ ಸ್ವಲ್ಪ ತಕರಾರು ಆಯಿತು. ಮಾವ ಅದರ ಮೇಲೆ ‘ಮುದುಕ, ಕಟ್ಟಿಗೆ’ ಅಂತ ಬರೆದಿದ್ದರು. ಮುಖಪುಟದಲ್ಲಿ ಕಟ್ಟಿಗೆ ಹೊತ್ತ ಮುದುಕ ಇದ್ದಾನೆ, ಸರಿಯೇ.

ರ ಅಕ್ಷರದಲ್ಲಿ ರಘು ದೀಕ್ಷಿತ್ ಪಕ್ಕ ರೇಡಿಯೊಹೆಡ್. ರಘು ಅವರ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರು ಉಂಟು. 1889ರಲ್ಲಿ ತೀರಿಕೊಂಡ ಶರೀಫರನ್ನು ನಮ್ಮ ಹಿಂದಿನ ತಲೆಮಾರು ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟಿನಲ್ಲಿ ಕೇಳಿತ್ತು. ನಾವು ಎಲೆಕ್ಟ್ರಿಕ್ ಗಿಟಾರಿನ ಜೊತೆ ಕೇಳಿದೆವು. ನನಗೆ ಅಶ್ವತ್ಥ್ ಅವರದ್ದೇ ಹೆಚ್ಚು ರಾಕ್ ಅನಿಸುತ್ತದೆ. ಆ ಸ್ವರಕ್ಕೆ ಆಂಪ್ಲಿಫೈಯರ್ ಬೇಕಾಗಿಯೇ ಇಲ್ಲ. ಈ ಬಗ್ಗೆ ಆಫೀಸಿನಲ್ಲಿ ಎರಡು ಸಲ ಜಗಳ ಆಗಿದೆ.

ವ ಬಂದಾಗ ವಿಲ್ಫಿ ರೆಬಿಂಬಸ್. ರಾಕ್ ಪಟ್ಟಿಯಲ್ಲಿ ವಿಲ್ಫಿ ಎಂತಕ್ಕೆ ಅಂತ ಕೇಳಬಹುದು. ಮಾವನ ಪೆಟ್ಟಿಗೆಯಲ್ಲಿ ಆ ಕ್ಯಾಸೆಟ್ಟು ಇವುಗಳ ಜೊತೆಯೇ ಇತ್ತು, ನಾನು ತೆಗೆಯಲಿಲ್ಲ. ಕೊಂಕಣಿಯ ಕೋಗಿಲೆ ಅಂತಲೇ ಹೆಸರಾಗಿದ್ದ ವಿಲ್ಫಿ 2010ರ ಮಾರ್ಚ್‌ನಲ್ಲಿ ತೀರಿಕೊಂಡರು. ಇಂಗ್ಲಿಷ್ ರಾಕ್ ಎಂಟೀವಿಯಿಂದ ಮಂಗಳೂರಿಗೆ ಬಂತು ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಗಿಟಾರು, ಡ್ರಮ್ಮು, ಸ್ಟೇಜು, ‘ನೈಟ್’ ಅಂತ ಹೆಸರಿಟ್ಟು ಟಿಕೆಟ್ ಮಾರುವ ಸಂಗೀತ ರಾತ್ರಿ, ಇವೆಲ್ಲ ಇಲ್ಲಿ ಕೊಂಕಣಿಯಲ್ಲಿ ಮೊದಲೇ ಇದ್ದವು. ಚರ್ಚಿನ ಗಾಯನ ಮಂಡಳಿ, ಮದುವೆ ಮುಂಚಿನ ರೋಸ್, ಅದಕ್ಕೆ ಬರುವ ಬ್ರಾಸ್ ಬ್ಯಾಂಡು. ನಾಲ್ಕು ಸ್ವರ ಒಟ್ಟಿಗೆ ಹಾಡುವುದು ಬೇರೆಯವರಿಗೆ ವಿಶೇಷ, ಇಲ್ಲಿ ಆದಿತ್ಯವಾರದ ಮಾಮೂಲಿ. 1986ರಲ್ಲಿ ಎರಿಕ್ ಒಝೇರಿಯೊ ಅವರ ‘ಮಾಂಡ್ ಸೊಭಾಣ್’ ಹುಟ್ಟಿತು. 2008ರ ಜನವರಿಯಲ್ಲಿ ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ವುಡ್‌ಸ್ಟಾಕ್ ಬಗ್ಗೆ ನೂರು ಸಾಕ್ಷ್ಯಚಿತ್ರ ನೋಡಿದ ನನ್ನ ಟೀಮಿನ ಹುಡುಗರಲ್ಲಿ ಈ 40 ಗಂಟೆಯ ವಿಷಯ ಗೊತ್ತಿದ್ದದ್ದು ಒಬ್ಬಳಿಗೆ. ಅವಳ ತಂದೆ ಅದರಲ್ಲಿ ಹಾಡಿದ್ದರು.

ದೀಪಾವಳಿ ಕಳೆದ ಮೇಲೆ ಸ ಮುಗಿಯಿತು. ಸ್ಕಾರ್ಪಿಯನ್ಸ್, ಆಮೇಲೆ ಬೆಂಗಳೂರಿನ ಸ್ವರಾತ್ಮ. ಕೊನೆಗೆ ಹ. ‘ದ’ ತೆಗೆದರೆ ಉಳಿಯುವುದು ಹೂ. ಇಂಗ್ಲಿಷಿನಲ್ಲಿ ಯಾರು ಎಂಬ ಪ್ರಶ್ನೆ, ಕನ್ನಡದಲ್ಲಿ ಮಲ್ಲಿಗೆಯೋ ಅಬ್ಬಲಿಗೆಯೋ. ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮಾವ ಐದು ಎಸಳಿನ ಹೂವೊಂದನ್ನು ಬಿಡಿಸಿಯೂ ಇದ್ದರು. ಅದರಲ್ಲಿದ್ದದ್ದು 1971ರ ‘ಹೂಸ್ ನೆಕ್ಸ್ಟ್’, 43 ನಿಮಿಷ. ಕೊನೆಯ ಹಾಡು ಎಂಟೂವರೆ ನಿಮಿಷ ನಡೆದು ನಿಂತ ಮೇಲೆ ಸ್ವಲ್ಪ ಟೇಪು ಉಳಿದಿತ್ತು. ಏನಾದರೂ ಇರಬಹುದು ಅಂತ ಕಾದೆ. ಕುಂಯ್ ಸದ್ದು ಬಿಟ್ಟು ಏನೂ ಇರಲಿಲ್ಲ.

ಮಾವ ಈಗ ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ಫೋನ್ ಮಾಡಿ, “ಮಾವಾ, ಎಲ್ಲ ಕೇಳಿ ಆಯ್ತು. ನಿಮಗೆ ಇದರಲ್ಲಿ ಯಾವುದು ಇಷ್ಟ?” ಅಂತ ಕೇಳಿದೆ.

“ನಾನು ಅದನ್ನೆಲ್ಲ ಎಲ್ಲಿ ಕೇಳಿದ್ದು ಮಾರಾಯಾ? ಕೋಣೆಯಲ್ಲಿ ಅವರು ಹಾಕುತ್ತಿದ್ದರು. ಊರಲ್ಲಿ ಇಂಗ್ಲಿಷ್ ಕಲಿಯುವ ಅಳಿಯ ಇದ್ದಾನಲ್ಲ, ಅವನಿಗೆ ಇರಲಿ ಅಂತ ಕಾಪಿ ಮಾಡಿದ್ದು. ನನಗೆ ಕಾಳಿಂಗ ನಾವಡರು. ಆ ಪೆಟ್ಟಿಗೆ ಅಟ್ಟದಲ್ಲಿ ಉಂಟು, ಬೇಕಾದರೆ ಅದನ್ನೂ ತಗೊಂಡು ಹೋಗು.”

ಅದರಲ್ಲಿ ಬೂಸ್ಟು ಇನ್ನೂ ಜಾಸ್ತಿ. ಪ್ರಸಂಗದ ಹೆಸರಲ್ಲಿ ಜೋಡಿಸುವುದಾ, ಭಾಗವತರ ಹೆಸರಲ್ಲಿ ಜೋಡಿಸುವುದಾ ಅಂತ ಕೇಳಿದ್ದಕ್ಕೆ, “ಮೊದಲು ಒಣಗಿಸು” ಅಂದರು.